ಹಾಲು ಉಕ್ಕದ ಮೂವತ್ತಾರು ದಿನ

೨೦೦೬ನೇ ಇಸವಿ ನವೆಂಬರ್ ೧೧, ಶನಿವಾರ, ಬೆಳಗ್ಗೆ ೭ ಗಂಟೆ ೧೦ ನಿಮಿಷ. ಈ ಪ್ರಯೋಗ ಶುರುವಾದ ಹೊತ್ತು ನನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದೆ. ಅದರ ಕೆಳಗಿನ ಸಾಲು: ‘ನೀರು ಒಂದು ಲೀಟರ್. ಸ್ಟೀಲ್ ಪಾತ್ರೆ, ಮುಚ್ಚಳ ಹಾಕಿದೆ. ಬಲಗಡೆಯ ಬರ್ನರ್, ಪೂರ್ತಿ ಉರಿ. ಅಜ್ಜಿ ಅಡುಗೆಮನೆಗೆ ಬಾರದೆ ಇವತ್ತಿಗೆ ಒಂಬತ್ತು ದಿನ.’

ಆಗ ನಾನು ಎಂಟನೇ ಕ್ಲಾಸು. ದೆಹಲಿಯ ದ್ವಾರಕಾದ ಒಂದು ಸೊಸೈಟಿಯ ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಜ್ಜಿ ಅಂದರೆ ಅಮ್ಮನ ಅಮ್ಮ. ನನಗೆ ಐದು ವರ್ಷವಿದ್ದಾಗ ಗದಗಿನ ಕಡೆಯಿಂದ ಬಂದು ನಮ್ಮ ಜೊತೆಗೇ ಉಳಿದವಳು. ಶಾಲೆಯಲ್ಲಿ ನನಗೆ ಹಿಂದಿ, ಇಂಗ್ಲಿಷ್ ಎರಡೇ. ಕನ್ನಡದ ಅಕ್ಷರವನ್ನು ಅಜ್ಜಿ ಒಂದು ತಟ್ಟೆಯಲ್ಲಿ ರವೆ ಹರಡಿ, ಅದರ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ್ದಳು. ‘ಳ’ ಬರುವ ಹೊತ್ತಿಗೆ ರವೆ ಉಪ್ಪಿಟ್ಟಾಗುತ್ತಿತ್ತು. ನಾನು ಕನ್ನಡದಲ್ಲಿ ಲೆಕ್ಕ ಬರೆಯುವುದೂ ಅವಳಿಂದಲೇ ಬಂದ ಅಭ್ಯಾಸ.

ನನಗೆ ಎಲ್ಲವನ್ನೂ ಎಣಿಸಿ ಬರೆಯುವ ಚಟ. ಕರೆಂಟು ಹೋದ ಸಲ, ಬಾಲ್ಕನಿಗೆ ಪಾರಿವಾಳ ತಂದು ಹಾಕಿದ ಕಡ್ಡಿ, ಅಪ್ಪ ಚಾರ್ಟರ್ಡ್ ಬಸ್ ತಪ್ಪಿಸಿಕೊಂಡ ದಿನ, ಎಲ್ಲಕ್ಕೂ ಒಂದೊಂದು ಪುಟ. ‘ಹಾಲು ಉಕ್ಕಿದ್ದು’ ಎಂಬ ಪುಟವೂ ಇತ್ತು. ಜೂನ್‌ನಲ್ಲಿ ೫, ಜುಲೈಯಲ್ಲಿ ೭, ಆಗಸ್ಟ್‌ನಲ್ಲಿ ೬, ಸೆಪ್ಟೆಂಬರ್‌ನಲ್ಲಿ ೬. ಪ್ರತಿ ಸಲವೂ ಯಾರ ಕೈಯಲ್ಲಿ ಉಕ್ಕಿತು ಎಂದು ಅಮ್ಮನಾದರೆ ‘ಅ’, ಅಜ್ಜಿಯಾದರೆ ‘ಅಜ್ಜಿ’ ಎಂದು ಬರೆದಿರುತ್ತಿದ್ದೆ. ಅಮ್ಮನದೇ ಹೆಚ್ಚು. ಆ ಪುಟವನ್ನು ಅಪ್ಪ ತಿಂಗಳ ಕೊನೆಗೆ ಊಟದ ಹೊತ್ತಿನಲ್ಲಿ ಗಂಭೀರವಾಗಿ ಓದುತ್ತಿದ್ದರು. ಅಮ್ಮ ಅವರಿಗೆ ಎರಡನೇ ಸಲ ಸಾರು ಬಡಿಸುತ್ತಿರಲಿಲ್ಲ.

ನಮ್ಮ ಒಲೆಗೆ ಎರಡು ಬರ್ನರ್. ಎಡಗಡೆಯದು ದೊಡ್ಡದು, ಅಮ್ಮನದು. ಈರುಳ್ಳಿ, ಬೆಳ್ಳುಳ್ಳಿ, ಕುಕ್ಕರ್, ರೊಟ್ಟಿ ಎಲ್ಲ ಅದರ ಮೇಲೆ. ಬಲಗಡೆಯದು ಚಿಕ್ಕದು, ಅಜ್ಜಿಯದು. ದೇವರ ನೈವೇದ್ಯ, ಹಾಲು, ತುಪ್ಪ, ಸಿಹಿ ಮಾತ್ರ ಅದರ ಮೇಲೆ. ಅಜ್ಜಿ ದಿನಾ ಬೆಳಗ್ಗೆ ತನ್ನ ಬರ್ನರನ್ನು ಒರೆಸಿ, ಅದರ ಮುಂದೆ ಎರಡು ಎಳೆ ರಂಗೋಲಿ ಎಳೆದು, ಶುಕ್ರವಾರವಾದರೆ ಕುಂಕುಮವನ್ನೂ ಇಟ್ಟು, ಆಮೇಲೆ ಉರಿ ಹಚ್ಚುತ್ತಿದ್ದಳು. ಊರಿನಲ್ಲಿ ಕಟ್ಟಿಗೆಯ ಒಲೆಗೆ ಮಾಡುತ್ತಿದ್ದುದನ್ನು ಇಲ್ಲಿ ಗ್ಯಾಸಿಗೆ ಮಾಡುತ್ತಿದ್ದಳು, ಅಷ್ಟೇ. ‘ಉರಿ ಅನ್ನೂದು ಎಲ್ಲಾ ಕಡೆ ಒಂದ’ ಎನ್ನುತ್ತಿದ್ದಳು.

ಅವಳು ಯಾಕೆ ಒಂಬತ್ತು ದಿನ ಆ ಒಲೆಯ ಹತ್ತಿರ ಬರಲಿಲ್ಲ ಎನ್ನುವುದನ್ನು ಈಗ ಹೇಳಬೇಕು.

ನಮ್ಮ ಕೆಳಗಿನ ಮಹಡಿಯಲ್ಲಿ ಹುಬ್ಬಳ್ಳಿಯ ಒಂದು ಮುಸ್ಲಿಂ ದಂಪತಿ ಬಾಡಿಗೆಗಿದ್ದರು. ಇಬ್ಬರೂ ಗುಡಗಾಂವ್‌ನಲ್ಲಿ ಕಂಪ್ಯೂಟರ್ ಕೆಲಸದವರು. ಆ ಅಕ್ಕನಿಗೆ ಅಕ್ಟೋಬರ್ ೨೦ರಂದು ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ಬರಬೇಕಿದ್ದ ಅವಳ ಅಮ್ಮಿ ಕಾಲು ಮುರಿದುಕೊಂಡು ಹುಬ್ಬಳ್ಳಿಯಲ್ಲೇ ಉಳಿದರು. ಫೋನಿನಲ್ಲಿ ಅವರು ಅತ್ತದ್ದು ಮಗಳಿಗೆ ಅಂಟಿನುಂಡೆ ಮಾಡಿಕೊಡಲು ಆಗಲಿಲ್ಲವೆಂದು. ಅಂಟಿನುಂಡೆ ಅಂದರೆ ಮರದಿಂದ ಒಸರುವ, ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟುವ ಉಂಡೆ. ನಮ್ಮ ಕಡೆ ಬಾಣಂತಿ ನಲವತ್ತು ದಿನದೊಳಗೆ ಅದನ್ನು ತಿನ್ನಲೇಬೇಕು. ಅಜ್ಜಿ ಆ ಫೋನನ್ನು ತಾನೇ ಇಸಿದುಕೊಂಡು, ಕಾಣದ ಆ ತಾಯಿಗೆ ಮಾತು ಕೊಟ್ಟಳು. ನಿಮ್ಮ ಮಗಳ ಉಂಡೆ ನನ್ನ ಪಾಲು, ನೀವು ಕಾಲು ನೋಡಿಕೊಳ್ಳಿ ಎಂದಳು. ನಲವತ್ತನೇ ದಿನ ನವೆಂಬರ್ ೨೮ಕ್ಕೆ ಬೀಳುತ್ತದೆ ಎಂದು ನಾನು ಲೆಕ್ಕ ಹಾಕಿಕೊಟ್ಟೆ.

ಅಂಟು ಅರಳಿಸುವುದೇ ಇಡೀ ಕೆಲಸದ ಕೀಲಿ. ತುಪ್ಪ ಹದವಾಗಿ ಕಾದಿದ್ದರೆ ಜೋಳದ ಕಾಳಿನಷ್ಟಿರುವ ಅಂಟು ನಾಲ್ಕು ಪಟ್ಟು ಉಬ್ಬಿ, ಹಗುರಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ತುಪ್ಪ ಕಾಯದಿದ್ದರೆ ಹೊರಗೆ ಮೆತ್ತಗಾಗಿ ಒಳಗೆ ಹರಳಾಗಿಯೇ ಉಳಿಯುತ್ತದೆ. ಅಜ್ಜಿಗೆ ಗಡಿಯಾರ ಬೇಕಿರಲಿಲ್ಲ. ತುಪ್ಪ ಇಟ್ಟ ಮೇಲೆ ಬೆರಳ ಗೆರೆಗಳ ಮೇಲೆ ದೇವರ ನೂರೆಂಟು ಹೆಸರು ಎಣಿಸುವಳು. ನೂರೆಂಟು ಮುಗಿದರೆ ತುಪ್ಪ ತಯಾರು. ಮದುವೆಯಾದಾಗಿನಿಂದ ಅದೇ ಲೆಕ್ಕ, ಎಂದೂ ತಪ್ಪಿರಲಿಲ್ಲ.

ನವೆಂಬರ್ ೨, ಗುರುವಾರ, ಅದು ತಪ್ಪಿತು. ನೂರೆಂಟು ಮುಗಿದು ಅಂಟು ಹಾಕಿದರೆ ಅದು ತಳಕ್ಕೆ ಹೋಗಿ ಸುಮ್ಮನೆ ಕೂತಿತು. ಅಜ್ಜಿ ಮತ್ತೊಂದು ನೂರೆಂಟು ಎಣಿಸಿದಳು. ಆಗ ಅದು ಅರೆಮನಸ್ಸಿನಿಂದ ಉಬ್ಬಿತು. ಅಜ್ಜಿ ಪಾತ್ರೆಯೊಳಗೆ ಬಗ್ಗಿ ನೋಡಿದಳು, ಕಣ್ಣುಜ್ಜಿಕೊಂಡಳು, ಮತ್ತೆ ನೋಡಿದಳು. ಸೆಪ್ಟೆಂಬರಿನಲ್ಲಷ್ಟೇ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಅಲ್ಲಿಂದ ಅವಳಿಗೆ ಎಲ್ಲವೂ ಬೇರೆ ಥರ ಕಾಣುತ್ತಿತ್ತು. ಗೋಡೆ ಬೆಳ್ಳಗೆ, ಆಕಾಶ ನೀಲಿ, ಅಮ್ಮನ ತಲೆಯಲ್ಲಿ ಬಿಳಿಕೂದಲು. ಹೀಗಾಗಿ ಅಂದು ಅಂಟು ಸರಿಯಾಗಿದೆಯೋ ಇಲ್ಲವೋ ಎಂಬಲ್ಲಿ ತನ್ನ ಕಣ್ಣನ್ನೇ ನಂಬಲಿಲ್ಲ. ಉಂಡೆ ಕಟ್ಟಿದಳು. ೨೧ ಉಂಡೆ. ನಾನೇ ಡಬ್ಬಿ ಹಿಡಿದು ಜೊತೆಗೆ ಹೋದೆ.

ಅಕ್ಕ ಮೊದಲ ಉಂಡೆಯನ್ನು ಕಚ್ಚಿದಳು. ಟಕ್ ಎಂದು ಸದ್ದಾಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಏನೋ ತೆಗೆದು ಮುಷ್ಟಿಯಲ್ಲಿ ಮುಚ್ಚಿದಳು. ದವಡೆ ಹಲ್ಲಿಗೆ ಹಾಕಿಸಿದ್ದ ಕ್ಯಾಪು.

“ಅಜ್ಜೀ, ಅದು ಮೊದಲ ಸಡಲಿತ್ತರೀ,” ಎಂದಳು. “ನಿಮ್ಮ ಉಂಡಿದೇನು ತಪ್ಪಿಲ್ಲ. ನಾ ಇನ್ನೊಂದು ತಿಂತೀನಿ ನೋಡ್ರಿ.”

“ಬ್ಯಾಡವ್ವ,” ಎಂದು ಅಜ್ಜಿ ಡಬ್ಬಿಯನ್ನು ಅವಳ ಮುಂದಿನಿಂದ ತೆಗೆದುಕೊಂಡಳು. “ಕೂಸಿಗಿನ್ನೂ ಹಲ್ಲ ಬಂದಿಲ್ಲ. ನಿನ್ನವು ಹೋದರ ಮನ್ಯಾಗ ಒಬ್ಬರಿಗೂ ಇಲ್ಲದಂಗ ಆಗ್ತದ.”

ಅಕ್ಕ ನಕ್ಕಳು. ಅಜ್ಜಿಯೂ ನಕ್ಕಳು. ಆದರೆ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತಳು. ಮನೆಗೆ ಬಂದು ಸೌಟನ್ನು ತೊಳೆದು ಅಮ್ಮನ ಕೈಗೆ ಕೊಟ್ಟು, “ಕಣ್ಣು ಹೊಸಾದು ಬಂತು, ಕೈ ಹಳೇದಾತು. ಇನ್ನ ಒಲಿ ನಿಂದು,” ಎಂದಳು.

ಅಮ್ಮ ಮೊದಲು ಅದನ್ನು ತಮಾಷೆ ಎಂದುಕೊಂಡಳು. ಮಾರನೇ ದಿನವೂ ಅಜ್ಜಿ ಒಳಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ತನ್ನ ಕೋಣೆಯ ದೇವರ ಮುಂದೆ ಒಂದು ಬಾಳೆಹಣ್ಣು ಇಟ್ಟು ನೈವೇದ್ಯ ಮುಗಿಸಿದಳು. ಅಪ್ಪನಿಗೆ, ಆಫೀಸಿನಿಂದ ಬರುವಾಗ ಹಲ್ವಾಯಿ ಅಂಗಡಿಯಲ್ಲಿ ಅಂಟಿನುಂಡೆಯಂಥದೇ ಗೋಂದಿನ ಲಡ್ಡು ಸಿಗುತ್ತದಂತೆ, ಅದನ್ನೇ ತಂದು ಕೆಳಗೆ ಕೊಟ್ಟುಬಿಡಿ ಎಂದಳು. ಅಜ್ಜಿಯ ಬಾಯಲ್ಲಿ ‘ಅಂಗಡಿಯ ಲಡ್ಡು’ ಎಂಬ ಮಾತು ಬಂದ ಆ ದಿನಾಂಕವನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದೆ. ನವೆಂಬರ್ ೫.

ಅದೇ ವಾರ ಶಾಲೆಯಲ್ಲಿ ದಹನದ ಪಾಠ ನಡೆಯುತ್ತಿತ್ತು. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಗಾಳಿ, ಸಾಕಷ್ಟು ಬಿಸಿ. ಮೂರರಲ್ಲಿ ಒಂದನ್ನು ತೆಗೆದರೂ ಬೆಂಕಿ ಇಲ್ಲ. ಟೀಚರ್ ಕಾಗದದ ಲೋಟದಲ್ಲಿ ನೀರು ಹಾಕಿ ಮೇಣದಬತ್ತಿಯ ಮೇಲೆ ಹಿಡಿದು ತೋರಿಸಿದರು. ನೀರು ಬಿಸಿಯಾಯಿತು, ಕಾಗದ ಉರಿಯಲಿಲ್ಲ. ಬಿಸಿಯನ್ನೆಲ್ಲ ನೀರು ಹೀರಿಕೊಳ್ಳುವುದರಿಂದ ಕಾಗದ ಹತ್ತಿಕೊಳ್ಳುವಷ್ಟು ಬಿಸಿಯಾಗುವುದೇ ಇಲ್ಲ. ನಾನು ಅಜ್ಜಿಯನ್ನು ನಗಿಸೋಣವೆಂದು ಮನೆಯಲ್ಲಿ ಅದನ್ನೇ ಮಾಡಿದೆ. ಅವಳು ಮಂಚದಿಂದ ಏಳದೆ ನೋಡಿ, ತಾನು ಹುಡುಗಿಯಾಗಿದ್ದಾಗ ಹೊಲದಲ್ಲಿ ಮುತ್ತಲದ ಎಲೆಯ ದೊನ್ನೆಯನ್ನು ಕೆಂಡದ ಮೇಲಿಟ್ಟು ನೀರು ಕಾಯಿಸುತ್ತಿದ್ದರೆಂದೂ, ನೀರಿನ ಮಟ್ಟದ ಮೇಲಿನ ಅಂಚು ಮಾತ್ರ ಸುಡುತ್ತಿತ್ತೆಂದೂ ಹೇಳಿದಳು. ನನ್ನ ಲೋಟವನ್ನು ನೋಡಿದೆ. ನೀರಿನ ಮಟ್ಟದ ಮೇಲೆ ಕಂದು ಬಣ್ಣದ ಒಂದು ಗೆರೆ ಇತ್ತು. ಟೀಚರ್ ಅದನ್ನು ಹೇಳಿರಲಿಲ್ಲ.

ನವೆಂಬರ್ ೯, ಗುರುವಾರ, ಸಂಜೆ ೬ಕ್ಕೆ, ಅಜ್ಜಿ ಕೆಳಗಿನ ಮಗುವಿಗೆ ಕಾಡಿಗೆ ಮಾಡಲು ಕೂತಳು. ಡಾಕ್ಟರು ಕಣ್ಣಿಗೆ ಹಚ್ಚಬಾರದು ಎಂದಿದ್ದರಿಂದ ಕೆನ್ನೆಗೆ ದೃಷ್ಟಿಬೊಟ್ಟು ಇಡಲಿಕ್ಕೆ ಮಾತ್ರ. ಹರಳೆಣ್ಣೆಯ ದೀಪ ಹಚ್ಚಿ, ಎರಡು ಬಟ್ಟಲುಗಳ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಇಟ್ಟಳು. ಜ್ವಾಲೆಯ ಹಳದಿ ಭಾಗ ತಟ್ಟೆಗೆ ತಾಗಿದಲ್ಲಿ ಮಸಿ ಕೂಡತೊಡಗಿತು. ನಾನು ಪುಸ್ತಕ ತೆರೆದುಕೊಂಡು ಪಕ್ಕದಲ್ಲಿ ಕೂತೆ. ಹಳದಿ ಬೆಳಕು ಅಂದರೆ ಪೂರ್ತಿ ಉರಿಯದ ಇಂಗಾಲದ ಕಣಗಳು ಕಾದು ಹೊಳೆಯುವುದು. ತಣ್ಣನೆಯ ತಟ್ಟೆ ಸಿಕ್ಕರೆ ಅವು ಮಸಿಯಾಗಿ ಅಂಟುತ್ತವೆ. ಗಾಳಿ ಚೆನ್ನಾಗಿ ಬೆರೆತರೆ ಇಂಗಾಲ ಉಳಿಯದೆ ಜ್ವಾಲೆ ನೀಲಿಯಾಗುತ್ತದೆ. ನಾವೂ ಲ್ಯಾಬಿನಲ್ಲಿ ಮೇಣದಬತ್ತಿಯ ಮೇಲೆ ಗಾಜು ಹಿಡಿದು ಕಪ್ಪು ಉಂಗುರ ಬರಿಸಿದ್ದೆವು.

“ನಿಮ್ಮ ಸಾಲ್ಯಾಗ ಕಾಡಿಗಿ ಮಾಡೂದು ಕಲಸ್ತಾರೇನ?” ಎಂದಳು ಅಜ್ಜಿ. “ಛಲೋ ಆತು. ಫೀಸು ಕೊಟ್ಟದ್ದು ದಂಡ ಆಗಲಿಲ್ಲ.”

ಬತ್ತಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದಳು, ತಟ್ಟೆಯನ್ನು ಚೂರು ಸರಿಸಿದಳು. ನಲವತ್ತು ನಿಮಿಷಕ್ಕೆ ತಟ್ಟೆಯ ನಡುವೆ ರೇಷ್ಮೆಯಂಥ ಕಪ್ಪು. ಒಂದು ಹನಿ ತುಪ್ಪದಲ್ಲಿ ಕಲಸಿ ನನ್ನ ಕೈಮೇಲೆ ಎಳೆದು ನೋಡಿದಳು. ಒಂದು ಕಣ ಒರಟಿರಲಿಲ್ಲ.

ಆ ಗೆರೆಯನ್ನು ನೋಡುತ್ತಿದ್ದಾಗ ನನಗೆ ಮೊದಲ ಸಂಶಯ ಬಂತು. ಕೈ ಹಳೆಯದಾಗಿದ್ದರೆ, ಕಣ್ಣು ಮೋಸ ಮಾಡುತ್ತಿದ್ದರೆ, ಕಾಡಿಗೆಯೂ ಕೆಡಬೇಕಿತ್ತಲ್ಲ. ಅದೇ ಕೈ, ಅದೇ ಕಣ್ಣು. ಬೇರೆಯಾದದ್ದು ಉರಿ ಮಾತ್ರ. ದೀಪದ ಉರಿ ಮೊದಲಿನದೇ. ಒಲೆಯ ಉರಿ?

ಒಲೆಯ ಉರಿ ಬದಲಾಗಿತ್ತು. ಅಕ್ಟೋಬರ್ ೧೩ರ ಶುಕ್ರವಾರ ನಮ್ಮ ಮನೆಗೆ ಸಿಲಿಂಡರ್ ಹೋಗಿ ಪೈಪಿನ ಗ್ಯಾಸ್ ಬಂದಿತ್ತು. ಆದರೆ ಅಮ್ಮ ಅದರಲ್ಲೇ ಎರಡೂ ಹೊತ್ತು ಅಡುಗೆ ಮಾಡುತ್ತಿದ್ದಳು, ಏನೂ ತೊಂದರೆ ಹೇಳಿರಲಿಲ್ಲ. ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿ ಹಾಲಿನ ಪುಟಕ್ಕೆ ಬಂದೆ. ಅಕ್ಟೋಬರ್ ೧೩ರ ಬೆಳಗ್ಗೆ ಉಕ್ಕಿದ್ದೇ ಕೊನೆ. ಅಲ್ಲಿಂದ ಒಂದು ದಿನವೂ ಉಕ್ಕಿರಲಿಲ್ಲ. ಈ ಸುದ್ದಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿಯ ಹೊಸ ಕಣ್ಣಿನ ಪ್ರಭಾವ ಎಂದು ಅಪ್ಪ ಅಕ್ಟೋಬರ್ ಕೊನೆಗೆ ಭಾಷಣವನ್ನೇ ಮಾಡಿದ್ದರು. ಆದರೆ ನವೆಂಬರ್ ೩ರಿಂದ ಹಾಲು ಕಾಯಿಸುತ್ತಿದ್ದವಳು ಅಮ್ಮ. ಅಜ್ಜಿಯ ಬರ್ನರಿನ ಮೇಲೆ ಹಾಲಿಟ್ಟು, ಹಲ್ಲುಜ್ಜಿ, ನನ್ನ ಜಡೆ ಹಾಕಿ, ಟೆರೇಸಿಗೂ ಹೋಗಿ ಬರುವ ಅಮ್ಮ. ಅವಳ ಕೈಯಲ್ಲೂ ಉಕ್ಕಿರಲಿಲ್ಲ. ಇದು ಕಣ್ಣಿನ ಕೆಲಸ ಆಗಿರಲು ಸಾಧ್ಯವೇ ಇರಲಿಲ್ಲ.

ಶನಿವಾರ ನಮ್ಮ ಶಾಲೆಗೆ ರಜೆ. ಹಾಗಾಗಿ ನವೆಂಬರ್ ೧೧.

ಬಲಗಡೆಯ ಚಿಕ್ಕ ಬರ್ನರ್, ಒಂದು ಲೀಟರ್ ನೀರು, ಮುಚ್ಚಳ ಕುಣಿಯಲು ಹಿಡಿದ ಸಮಯ ೧೮ ನಿಮಿಷ ೫೦ ಸೆಕೆಂಡು. ಪಾತ್ರೆ ತಣಿಸಿ, ಎಡಗಡೆಯ ದೊಡ್ಡ ಬರ್ನರ್: ೬ ನಿಮಿಷ ೧೦. ದೊಡ್ಡದಕ್ಕೂ ಚಿಕ್ಕದಕ್ಕೂ ಇಷ್ಟು ಅಂತರ ಇರುವುದು ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ಹೋಲಿಸಲು ಇನ್ನೊಂದು ಒಲೆ ಬೇಕಿತ್ತು. ಎದುರು ಮನೆಯಲ್ಲಿ ಒಬ್ಬ ರಿಟೈರ್ಡ್ ಅಂಕಲ್ ಇದ್ದರು, ಅವರದೂ ನಮ್ಮದೇ ಥರದ ಒಲೆ. ಪಾತ್ರೆ ಹಿಡಿದು ಬಾಗಿಲು ತಟ್ಟಿದೆ. ಪೈಪಿನ ಗ್ಯಾಸಿನಲ್ಲಿ ದಮ್ಮೇ ಇಲ್ಲ ಎಂದು ಅವರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದವರು. ಪ್ರಯೋಗ ಎಂದ ಕೂಡಲೇ ಖುಷಿಯಾಗಿ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು. ಅವರ ಚಿಕ್ಕ ಬರ್ನರಿನಲ್ಲಿ ನೀರು ಕುದಿದದ್ದು ೯ ನಿಮಿಷ ೫ ಸೆಕೆಂಡಿಗೆ. ಅಂಕಲ್ ಸ್ವಲ್ಪ ಬೇಸರಪಟ್ಟರು. ಮತ್ತೊಮ್ಮೆ ಇಡು ಎಂದರು. ೯ ನಿಮಿಷ ಸರಿಯಾಗಿ.

ಮನೆಗೆ ಬಂದು ಬಲಗಡೆಯದನ್ನು ಇನ್ನೆರಡು ಸಲ ನೋಡಿದೆ. ೧೯ ನಿಮಿಷ, ೧೮ ನಿಮಿಷ ೪೦. ಆಮೇಲೆ ನೆಲಕ್ಕೆ ಮಂಡಿಯೂರಿ, ಕಣ್ಣನ್ನು ಬರ್ನರಿನ ಮಟ್ಟಕ್ಕೆ ತಂದು ಜ್ವಾಲೆಯನ್ನು ನೋಡಿದೆ. ನೀಲಿಯೇ, ಆದರೆ ಗಿಡ್ಡ. ಅಕ್ಕಿಕಾಳಿನಷ್ಟು. ಅಂಕಲ್ ಮನೆಯದು ಮಲ್ಲಿಗೆ ಮೊಗ್ಗಿನಷ್ಟಿತ್ತು.

ಆದರೂ ಒಂದು ತೊಡಕು. ಅಕ್ಟೋಬರ್ ೧೩ರ ನನ್ನ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘ಪೈಪ್ ಗ್ಯಾಸ್ ಬಂತು. ಬರ್ನರ್ ೨. ಜೆಟ್ ಬದಲಿಸಿದ್ದು ೨.’ ಜೆಟ್ ಅಂದರೆ ಬರ್ನರಿನ ಕೆಳಗಿರುವ ಹಿತ್ತಾಳೆಯ ಪುಟ್ಟ ತಿರುಪು. ಅದರ ನಡುವಿನ ಸೂಜಿತೂತಿನಿಂದಲೇ ಗ್ಯಾಸು ಬರುವುದು. ಎರಡನ್ನೂ ಬದಲಿಸಿದ್ದರೆ ಒಂದು ಯಾಕೆ ಹೀಗೆ? ನಾನು ಬಹಳ ಹೊತ್ತು ಆ ಸಾಲನ್ನೇ ನೋಡಿದೆ. ನಂತರ ನೆನಪಾಯಿತು. ಆ ಶುಕ್ರವಾರ ನಾನು ಶಾಲೆಯಲ್ಲಿದ್ದೆ. ಸಂಜೆ ಫ್ರಿಜ್ಜಿನ ಮೇಲಿದ್ದ ಗ್ಯಾಸಿನವರ ಚೀಟಿಯನ್ನು ನೋಡಿ ಬರೆದುಕೊಂಡಿದ್ದೆ. ಗ್ಯಾಸಿನವನು ಬಂದಾಗ ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ.

ಮಧ್ಯಾಹ್ನ ೧೨:೧೫ಕ್ಕೆ ನೋಟ್‌ಬುಕ್ಕು ಹಿಡಿದು ಅವಳ ಕೋಣೆಗೆ ಹೋದೆ. ಅವಳು ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಬತ್ತಿ ಹೊಸೆಯುತ್ತಿದ್ದಳು. ನಾನು ಹಾಲಿನ ಲೆಕ್ಕ, ಕಾಡಿಗೆಯ ವಿಚಾರ, ನೀರಿನ ನಿಮಿಷ ಎಲ್ಲ ಒಂದೊಂದಾಗಿ ಓದಿದೆ. ಅವಳು ಹೂಂ ಎನ್ನುತ್ತಾ ಕೇಳಿದಳು. ಕೊನೆಗೆ ಕೇಳಿದೆ.

“ಅಜ್ಜಿ, ಆ ಗ್ಯಾಸ್‌ವಾಲೇ ಭಯ್ಯಾ ನಿನ್ನ ಬರ್ನರ್ ಓಪನ್ ಮಾಡಿದ್ನಾ?”

“ಇಲ್ಲಲ್ಲ,” ಎಂದಳು, ಅದರಲ್ಲೇನು ವಿಶೇಷ ಎನ್ನುವಂತೆ. “ಶುಕ್ರವಾರ ಇತ್ತವ್ವ. ಪೂಜಿ ಆಗಿ ಕುಂಕುಮ ಇಟ್ಟಿದ್ದೆ. ಪೂಜಿ ಆದ ಒಲೀನ ಯಾರರ ಬಿಚ್ಚತಾರೇನ? ಅವ ಸ್ವಚ್ಛ ಮಾಡಾಕ ಬಂದಾನ ಅನಕೊಂಡೆ. ನಂದು ಸ್ವಚ್ಛನ ಅದ, ಇದನ್ನ ಬಿಡಪಾ ಅಂದೆ.”

“ಹಿಂದಿಯಲ್ಲಿ ಏನಂದೆ?”

“ಪೂಜಾ ಹೋ ಗಯಾ, ಇಸ್ಕೋ ಮತ್ ಖೋಲೋ ಅಂದೆ. ಛಲೋ ಹುಡುಗ. ಕುಂಕುಮ ನೋಡಿ ಕೈ ಮುಗದ. ನಾಳೆ ಬರ್ತೀನಿ ಅಂತ ಹೇಳಿ ಹ್ವಾದ.”

ನಾಳೆ ಅವನು ಬರಲಿಲ್ಲ. ಚೀಟಿಯಲ್ಲಿ ಮಾತ್ರ ಎರಡು ಎಂದು ಮೊದಲೇ ಬರೆದಿಟ್ಟಿದ್ದ. ನಾನು ಅದನ್ನು ಕಣ್ಣಾರೆ ಕಂಡವಳಂತೆ ನಕಲು ಮಾಡಿದ್ದೆ. ಅಜ್ಜಿ ತನ್ನ ಒಲೆಯ ಮರ್ಯಾದೆ ಕಾದಿದ್ದಳು, ಆಮೇಲೆ ಆ ಒಲೆ ಕಾಯದಿದ್ದಾಗ ತಪ್ಪನ್ನು ತನ್ನ ಕೈಗೆ ಹಾಕಿಕೊಂಡಿದ್ದಳು.

ಬತ್ತಿ ಹೊಸೆಯುವುದು ನಿಂತಿತ್ತು. ಅಜ್ಜಿ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು.

“ಹಂಗಾದ್ರ ಇದು ಕೆಟ್ಟಿಲ್ಲೇನ?” ಎಂದಳು.

ನಾನು ಇಲ್ಲ ಎಂದೆ. ಅವಳು ಎಲ್ಲಿ, ಆ ನಿಮಿಷದ ಲೆಕ್ಕ ಇನ್ನೊಮ್ಮೆ ಓದು ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಮೂರು ಸಲ ಓದಿಸಿದಳು.

ಆದರೂ ಅವತ್ತು ಅಡುಗೆಮನೆಗೆ ಬರಲಿಲ್ಲ. ಅಂಟು ಅರಳುವುದನ್ನು ನೋಡಿಯೇ ನಂಬುತ್ತೇನೆ, ಲೆಕ್ಕ ನಿನ್ನದು, ಹಲ್ಲು ಅವಳದು ಎಂದಳು. ಅಮ್ಮನ ದೊಡ್ಡ ಬರ್ನರಿನ ಮೇಲೆ ಮಾಡು ಎಂದರೆ, ಮಾತು ಕೊಟ್ಟದ್ದು ತನ್ನ ಒಲೆಯ ಉಂಡೆಯನ್ನು, ಬೆಳ್ಳುಳ್ಳಿ ಒಗ್ಗರಣೆಯ ಒಲೆಯದನ್ನಲ್ಲ ಎಂದಳು. ಅಪ್ಪ ಗ್ಯಾಸಿನವರಿಗೆ ಫೋನ್ ಮಾಡಿದರು. ಸೋಮವಾರ ಎಂದರು, ಬರಲಿಲ್ಲ. ಬುಧವಾರ ಎಂದರು, ಬರಲಿಲ್ಲ. ಶುಕ್ರವಾರ ಬರುತ್ತೇವೆ ಎಂದಾಗ ಅಜ್ಜಿ ಕೋಣೆಯೊಳಗಿನಿಂದಲೇ, ಶುಕ್ರವಾರ ಬ್ಯಾಡ ಎಂದಳು. ನಾನು ದಿನ ಎಣಿಸುತ್ತಿದ್ದೆ. ನಲವತ್ತರಲ್ಲಿ ಇಪ್ಪತ್ತೊಂಬತ್ತು ಆಗಲೇ ಮುಗಿದಿದ್ದವು.

ನವೆಂಬರ್ ೧೮, ಶನಿವಾರ, ೧೧ ಗಂಟೆ ೨೦ ನಿಮಿಷಕ್ಕೆ ಅವನು ಬಂದ. ಅದೇ ಭಯ್ಯಾ. ಬಾಗಿಲಲ್ಲಿ ಅಜ್ಜಿಯನ್ನು ನೋಡಿದ ಕೂಡಲೇ ಕೈ ಮುಗಿದು, “ಅಮ್ಮಾಜೀ, ಆಜ್ ಖೋಲೂಂ?” ಎಂದು ಬಿಚ್ಚಲು ಅಪ್ಪಣೆ ಕೇಳಿದ. ಮರೆತಿರಲಿಲ್ಲ, ಮರುದಿನ ಬೇರೆ ಸೆಕ್ಟರಿಗೆ ಹಾಕಿದರಂತೆ. ಒಲೆ ಅಂದು ಬರೀ ಒಲೆಯಾಗಿತ್ತು. ಅಜ್ಜಿ ಬೆಳಗ್ಗೆ ಅದರ ಮುಂದೆ ರಂಗೋಲಿ ಹಾಕಿರಲಿಲ್ಲ. ತಾನೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಖೋಲೋ ಬೇಟಾ,” ಎಂದಳು. ಹದಿನಾರು ದಿನಗಳ ನಂತರ ಅವಳು ಅಲ್ಲಿಯವರೆಗೆ ಬಂದದ್ದು.

ಅವನು ಹಳೆಯ ಜೆಟ್ಟನ್ನು ಬಿಚ್ಚಿ ಹೊಸದರ ಪಕ್ಕದಲ್ಲಿ ನನ್ನ ಅಂಗೈ ಮೇಲೆ ಇಟ್ಟ. ಬೆಳಕಿಗೆ ಹಿಡಿದು ನೋಡಿದೆ. ಹಳೆಯದರ ತೂತು ಹೊಲಿಗೆ ಸೂಜಿಯ ಮೊನೆಯಷ್ಟು, ಹೊಸದರದು ಅದಕ್ಕಿಂತ ದೊಡ್ಡದು. ಸಿಲಿಂಡರಿನ ಗ್ಯಾಸು ದಪ್ಪ, ಅದರ ಒಂದು ಗುಟುಕಿನಲ್ಲಿ ಬಿಸಿ ಹೆಚ್ಚು. ಪೈಪಿನದು ಹಗುರ, ಅಷ್ಟೇ ಬಿಸಿ ಬೇಕಾದರೆ ಹೆಚ್ಚು ಗ್ಯಾಸು ಬರಬೇಕು, ಅದಕ್ಕೆ ದೊಡ್ಡ ತೂತು ಎಂದು ಅವನು ಹಿಂದಿಯಲ್ಲಿ ವಿವರಿಸಿದ. ನಮ್ಮ ಪುಸ್ತಕದಲ್ಲಿ ಇಂಧನಗಳ ಉಷ್ಣಮೌಲ್ಯದ ಕೋಷ್ಟಕವಿತ್ತು. ಅದರಲ್ಲಿ ಎರಡು ಗ್ಯಾಸುಗಳ ಅಂಕಿ ಹತ್ತಿರ ಹತ್ತಿರವೇ ಇತ್ತಲ್ಲ ಎಂದು ನನಗೆ ಗೊಂದಲವಾಯಿತು. ಆಮೇಲೆ ನೋಡಿದರೆ ಅದು ಒಂದು ಕಿಲೋ ತೂಕದ ಲೆಕ್ಕ. ಒಲೆಗೆ ಗ್ಯಾಸು ತೂಕದಲ್ಲಿ ಬರುವುದಿಲ್ಲ, ತೂತಿನಲ್ಲಿ ಬರುತ್ತದೆ. ಸೋರಿದರೆ ಸಿಲಿಂಡರಿನದು ನೆಲಕ್ಕೆ ಇಳಿಯುತ್ತದೆ, ಇದು ಮೇಲಕ್ಕೆ ಹೋಗುತ್ತದೆ, ಅದಕ್ಕೇ ಮೇಲಿನ ಗಾಳಿಕಿಂಡಿಯ ಜಾಲರಿ ಮುಚ್ಚಬೇಡಿ ಎಂದೂ ಹೇಳಿದ. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

“ಒಂದು ಕೆಳಗ ಕೂಡತದ, ಒಂದು ಮ್ಯಾಲ ಹಾರತದ,” ಎಂದಳು. “ನಮ್ಮ ಬೀಗರೂ ಹಂಗ ಇದ್ರು, ಗಂಡ ಹೆಂಡತಿ.”

ಅಪ್ಪ ಬಾಲ್ಕನಿಯಿಂದಲೇ ಕೆಮ್ಮಿದರು. ಆ ಬೀಗರು ಅವರ ಅಪ್ಪ ಅಮ್ಮ.

ಭಯ್ಯಾ ಉರಿ ಹಚ್ಚಲು ಹೋದಾಗ ಅಜ್ಜಿ ತಡೆದಳು. ಒರೆಸಿದಳು. ಎರಡು ಎಳೆ ರಂಗೋಲಿ ಎಳೆದಳು. ಶನಿವಾರವಾದರೂ ಕುಂಕುಮ ಇಟ್ಟಳು. ನಂತರ ಲೈಟರನ್ನು ತಾನೇ ಹಿಡಿದು ಹಚ್ಚಿದಳು. ಜ್ವಾಲೆ ಎದ್ದು ನಿಂತಿತು. ನಾನು ಒಂದು ಲೀಟರ್ ನೀರು ಇಡಬೇಕೆಂದಿದ್ದೆ. ಅವಳು ಪಾತ್ರೆಯನ್ನು ಸರಿಸಿ ತುಪ್ಪದ ಬಾಣಲೆ ಇಟ್ಟಳು. ಭಯ್ಯಾನಿಗೂ ಕೂರಲು ಹೇಳಿದಳು. ಅವನು ಡೈನಿಂಗ್ ಟೇಬಲಿನ ತುದಿಗೆ ಕೂತ. ಅಮ್ಮ, ಅಪ್ಪ, ನಾನು ಬಾಗಿಲಲ್ಲಿ.

ಬೆರಳ ಗೆರೆಗಳ ಮೇಲೆ ಹೆಬ್ಬೆರಳು ನಡೆಯತೊಡಗಿತು. ನಾನು ಗಡಿಯಾರ ನೋಡುವುದನ್ನೂ ಮರೆತೆ, ಹಾಗಾಗಿ ಈ ಒಂದು ಜಾಗದಲ್ಲಿ ನನ್ನ ಪುಟ ಖಾಲಿ ಇದೆ. ನೂರೆಂಟು ಮುಗಿಯುವ ಮೊದಲೇ, ತೊಂಬತ್ತರ ಆಸುಪಾಸಿನಲ್ಲಿ, ಅಜ್ಜಿ ಎಣಿಸುವುದನ್ನು ನಿಲ್ಲಿಸಿ ಬಾಣಲೆಯನ್ನು ನೋಡಿದಳು. ಲೆಕ್ಕ ಮುಗಿದಿರಲಿಲ್ಲ. ಅವಳು ಕಣ್ಣನ್ನು ನಂಬಿದಳು. ನಾಲ್ಕು ಕಾಳು ಅಂಟು ಹಾಕಿದಳು. ಅವು ತಳಕ್ಕೆ ಹೋದವು, ತಿರುಗಿದವು, ಒಂದರ ಹಿಂದೆ ಒಂದು ಬೆಳ್ಳಗೆ ಅರಳಿ ಮೇಲೆ ಬಂದವು. ಒಂದನ್ನು ತೆಗೆದು, ಆರಿಸಿ, ನನ್ನ ಅಂಗೈಯಲ್ಲಿಟ್ಟು ಬೆರಳಿನಿಂದ ಒತ್ತಿದಳು. ಪುಡಿಯಾಯಿತು.

“ಬರಕೋ,” ಎಂದಳು.

ಆ ದಿನ ಕಟ್ಟಿದ ಉಂಡೆ ೪೧. ಭಯ್ಯಾನಿಗೆ ೪, ಎದುರು ಮನೆಯ ಅಂಕಲ್‌ಗೆ ೨, ನಮ್ಮ ಮನೆಗೆ ೫, ಕೆಳಗೆ ೩೦. ಕೆಳಗಿನ ಅಕ್ಕ ಮೊದಲ ಉಂಡೆಯನ್ನು ಎಡಗಡೆಯ ದವಡೆಯಲ್ಲಿ ಹುಷಾರಾಗಿ ಕಚ್ಚಿದಳು. ಆಮೇಲೆ ಬಲಗಡೆ. ಆಮೇಲೆ ಫೋನ್ ಹಚ್ಚಿ, ಬಾಯಿ ತುಂಬ ಉಂಡೆಯಿಟ್ಟುಕೊಂಡೇ ಹುಬ್ಬಳ್ಳಿಗೆ, “ಅಮ್ಮೀ, ಅರಳ್ಯಾವ,” ಎಂದಳು. ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಅಜ್ಜಿ ಮಗುವಿನ ಕೆನ್ನೆಯ ದೃಷ್ಟಿಬೊಟ್ಟನ್ನು ಸೆರಗಿನಿಂದ ಒರೆಸಿ, ಮತ್ತೆ ಹೊಸದು ಇಡುತ್ತಿದ್ದಳು.

ಮರುದಿನದ ಪುಟದಲ್ಲಿ ಇರುವುದು ಇಷ್ಟೇ: ‘ನವೆಂಬರ್ ೧೯, ಭಾನುವಾರ, ಬೆಳಗ್ಗೆ ೬:೪೦. ಹಾಲು ಉಕ್ಕಿತು. ಅಜ್ಜಿ. ಉಕ್ಕದೆ ಇದ್ದದ್ದು ಒಟ್ಟು ೩೬ ದಿನ.’ ಅಮ್ಮ ಒಲೆ ಒರೆಸಿದಳು. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇವೆ: ನೋಡಿದ್ದು, ಕೇಳಿದ್ದು. ಅಕ್ಟೋಬರ್ ೧೩ರ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಇದು ಕೇಳಿದ್ದು’ ಎಂದು ಬರೆದಿದ್ದೇನೆ. ಹಳೆಯ ಜೆಟ್ಟನ್ನು ಅದೇ ಪುಟಕ್ಕೆ ಟೇಪಿನಿಂದ ಅಂಟಿಸಿದ್ದೇನೆ.

ಇದೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಇದು ೨೦೦೯ರ ಜನವರಿ. ನಾನು ಹತ್ತನೆಯ ಪರೀಕ್ಷೆಗೆ ಓದುತ್ತಿದ್ದೇನೆ. ಅಜ್ಜಿ ಈಗಲೂ ತನ್ನ ಬರ್ನರ್ ಬಿಟ್ಟುಕೊಟ್ಟಿಲ್ಲ. ೨೦೦೬ರ ಡಿಸೆಂಬರಿನಲ್ಲಿ ಒಮ್ಮೆ ಅವಳು ಒಲೆಯ ಮುಂದೆ ನಿಂತು ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು ಮಾಡುತ್ತಿದ್ದಳು. ಕೇಳಿದರೆ, ಆಪರೇಷನ್ ಆದ ಬಲಗಣ್ಣಿಗೆ ಉರಿ ದಟ್ಟ ನೀಲಿ, ಆಗದ ಎಡಗಣ್ಣಿಗೆ ಅದೇ ಉರಿ ಮಾಸಲು, ಸ್ವಲ್ಪ ಹಸಿರು ಎಂದಳು. ಎರಡು ವರ್ಷದಲ್ಲಿ ೧೪ ಸಲ ಕೇಳಿದ್ದೇನೆ, ಬೇರೆ ಬೇರೆ ಹೊತ್ತಿನಲ್ಲಿ. ೧೪ ಸಲವೂ ಅದೇ ಉತ್ತರ. ಹಳೆಯ ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆಯೇ? ಹಾಗಿದ್ದರೆ ಇಷ್ಟು ವರ್ಷ ಅವಳು ‘ಒಳ್ಳೆಯ ಉರಿ’ ಎಂದು ಗುರುತಿಟ್ಟುಕೊಂಡದ್ದು ಯಾವ ಬಣ್ಣವನ್ನು? ಅವತ್ತು ತೊಂಬತ್ತರಲ್ಲಿ ಎಣಿಕೆ ನಿಲ್ಲಿಸಿದಾಗ ಅವಳು ನಂಬಿದ್ದು ಯಾವ ಕಣ್ಣನ್ನು? ಅವಳನ್ನೇ ಕೇಳಿದರೆ ಅವಳಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ಅವಳ ಎಡಗಣ್ಣಿನ ಆಪರೇಷನ್. ಆಮೇಲೆ ಈ ಹೋಲಿಕೆ ನಮ್ಮ ಮನೆಯಲ್ಲಿ ಮತ್ತೆ ಮಾಡಲು ಬರುವುದಿಲ್ಲ. ಒಂದೇ ಒಲೆ, ಒಬ್ಬಳೇ ಅಜ್ಜಿಯ ಮೇಲೆ ನಿಂತ ಲೆಕ್ಕ ಸಾಲದು. ನಿಮ್ಮ ಮನೆಯಲ್ಲಿ ಒಂದೇ ಕಣ್ಣಿನ ಪೊರೆ ತೆಗೆಸಿಕೊಂಡವರಿದ್ದರೆ, ಅವರನ್ನು ಒಲೆಯಿಂದ ಎರಡು ಮಾರು ದೂರ ನಿಲ್ಲಿಸಿ, ಒಂದೊಂದೇ ಕಣ್ಣಿನಿಂದ ಉರಿಯ ಬಣ್ಣ ಕೇಳಿ. ಸಿಲಿಂಡರೋ ಪೈಪೋ, ಹಗಲೋ ದೀಪದ ಬೆಳಕೋ ಎಂದೂ ಗುರುತು ಹಾಕಿ. ಕಣ್ಣಿನ ವಿಚಾರ ಅಥವಾ ಉರಿಯ ವಿಚಾರ ನನಗಿಂತ ಹೆಚ್ಚು ತಿಳಿದವರಿದ್ದರೆ ದಯವಿಟ್ಟು ಬರೆದು ಕಳಿಸಿ. ನಿಮ್ಮ ಕಾಗದವನ್ನು ಅಜ್ಜಿಗೆ ಓದಿ ಹೇಳುತ್ತೇನೆ. ಅವಳು ಮೂರು ಸಲ ಓದಿಸುತ್ತಾಳೆ, ಆದ್ದರಿಂದ ಅಕ್ಷರ ಸ್ವಲ್ಪ ಬಿಡಿಸಿ ಬರೆಯಿರಿ.